ಗುಂಯ್ ಸದ್ದಿನ ಬೆನ್ನು ಹತ್ತಿ

ನಾನು ಕಾರು ಓಡಿಸುವುದನ್ನು ಕಲಿತದ್ದು ಐವತ್ತರ ಹತ್ತಿರ ಬಂದ ಮೇಲೆ. ಆಸೆಪಟ್ಟು ಕಲಿತದ್ದಲ್ಲ. ಸಕ್ಕರೆ ಕಾಯಿಲೆಯಿಂದ ನಮ್ಮ ಮನೆಯವರ ಕಣ್ಣು ಮಂಜಾಗುತ್ತ ಬಂದಿತ್ತು. ಇನ್ನು ಸ್ಟೇರಿಂಗ್ ಮುಟ್ಟಬೇಡಿ ಎಂದು ಕಣ್ಣಿನ ಡಾಕ್ಟರು ಖಂಡಿತವಾಗಿ ಹೇಳಿದ ದಿನ ಇವರು ಮನೆಗೆ ಬಂದು ಕಾರಿನ ಕೀಯನ್ನು ಫ್ರಿಜ್ಜಿನ ಮೇಲಿಟ್ಟರು. ಆಮೇಲೆ ಅದರ ಕಡೆ ತಿರುಗಿ ನೋಡಲಿಲ್ಲ.

ಇವರದು ಕೊಬ್ಬರಿ ವ್ಯಾಪಾರ. ಮನೆ ತಿಪಟೂರಿನಲ್ಲಿದ್ದರೂ ದಿನದ ಮುಕ್ಕಾಲು ಪಾಲು ಇವರು ಇರುತ್ತಿದ್ದದ್ದು ಹೊನ್ನವಳ್ಳಿ, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ತೋಟದ ಮನೆಗಳಲ್ಲಿ. ಅಟ್ಟ ಹತ್ತಿ, ಒಣಗಿದ ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಕೊಬ್ಬರಿ ಉಂಡೆ ಚಿಪ್ಪು ಬಿಟ್ಟುಕೊಂಡಿದೆಯೋ ಇಲ್ಲವೋ ತಿಳಿದು, ಮಾತು ಮುಗಿಸಿ ಬರುವುದು ಇವರ ಕೆಲಸ. ಅದಕ್ಕೆ ಕೈ, ಕಿವಿ, ನಾಲಿಗೆ ಇದ್ದರೆ ನಡೆಯುತ್ತದೆ. ಅಲ್ಲಿಯವರೆಗೆ ಹೋಗುವುದಕ್ಕೆ ಮಾತ್ರ ಕಣ್ಣು ಬೇಕು. ಬೆಳೆಗಾರರು ಫೋನ್ ಮಾಡಿದಾಗಲೆಲ್ಲ ಇವರು ‘ಜ್ವರ ಕಣಪ್ಪ’, ‘ಮನೇಲಿ ನೆಂಟರು’ ಎಂದು ಏನಾದರೊಂದು ನೆಪ ಹೇಳುವುದನ್ನು ಅಡುಗೆಮನೆಯಿಂದ ಕೇಳಿ ಕೇಳಿ ನನಗೆ ಸಾಕಾಯಿತು. ಒಂದು ಬೆಳಗ್ಗೆ ನಾನೇ ಹೋಗಿ ಡ್ರೈವಿಂಗ್ ಶಾಲೆಗೆ ಸೇರಿದೆ. ಲೈಸೆನ್ಸ್ ಕೈಗೆ ಬಂದ ಮೇಲೆ ಫ್ರಿಜ್ಜಿನ ಮೇಲಿದ್ದ ಕೀ ತೆಗೆದುಕೊಂಡು, “ಎದ್ದೇಳಿ, ಎಲ್ಲಿಗೆ ಹೋಗ್ಬೇಕು ಹೇಳಿ” ಎಂದೆ.

ಹೀಗೆ ವ್ಯಾಪಾರ ಮತ್ತೆ ಶುರುವಾಯಿತು. ನಾನು ಓಡಿಸುವುದು, ಇವರು ಪಕ್ಕದಲ್ಲಿ ಕೂತು ದಾರಿ ಹೇಳುವುದು. ಕಾರು ಹಳೆಯದು, ಸಣ್ಣದು, ಬಿಳಿಯದು. ಬಾಗಿಲ ಸಂದಿನಲ್ಲಿ ಅಲ್ಲಲ್ಲಿ ತುಕ್ಕು ಕಾಣಿಸಿಕೊಂಡಿತ್ತು. ಆದರೆ ಎಂಜಿನ್ನು ಗಟ್ಟಿ ಇತ್ತು.

ಆ ಸದ್ದು ಮೊದಲು ಕೇಳಿಸಿದ್ದು ಚಿಕ್ಕನಾಯಕನಹಳ್ಳಿಯಿಂದ ವಾಪಸ್ಸು ಬರುವಾಗ. ಹೊಸದಾಗಿ ಟಾರು ಹಾಕಿದ ನುಣುಪಾದ ರಸ್ತೆ ಬಂದ ಕೂಡಲೇ ಕಾರಿನ ಹೊಟ್ಟೆಯೊಳಗಿಂದ ಎಲ್ಲಿಂದಲೋ ಗುಂಯ್ ಎಂದು ಶುರುವಾಯಿತು. ನಿಧಾನವಾಗಿ ಹೋದರೆ ಇಲ್ಲ. ನಲವತ್ತು ದಾಟಿದರೆ ಏಳುತ್ತದೆ, ಅರವತ್ತಕ್ಕೆ ತಲೆಯೊಳಗೇ ಹೊಕ್ಕು ಕೂರುತ್ತದೆ. ದೂರದಲ್ಲಿ ಹಿಟ್ಟಿನ ಗಿರಣಿ ಓಡುತ್ತಿರುವ ಹಾಗೆ.

“ಟಯರ್ ಸದ್ದು ಕಣೇ. ಸವೆದವೆ. ಓಡ್ಸು ನೀನು” ಎಂದರು ಇವರು.

ನಾನು ಓಡಿಸಿದೆ. ವಾರ ಕಳೆಯುವುದರೊಳಗೆ ಸದ್ದು ಇನ್ನಷ್ಟು ಬಲಿಯಿತು. ರೇಡಿಯೋ ಹಾಕಿದರೂ ಅದರ ಅಡಿಯಲ್ಲಿ ಕೇಳಿಸುತ್ತಿತ್ತು. ಅದೇ ಸಮಯಕ್ಕೆ ಒಂದು ದಿನ ನನ್ನ ಮೈದುನ, ಅಂದರೆ ಇವರ ತಮ್ಮ, ಕಿಬ್ಬನಹಳ್ಳಿಯಿಂದ ತಿಪಟೂರಿನವರೆಗೆ ನಮ್ಮ ಕಾರಿನಲ್ಲಿ ಬಂದ. ಹಿಂದಿನ ಸೀಟಿನಲ್ಲಿ ಕೂತು ಸ್ವಲ್ಪ ಹೊತ್ತು ಕೇಳಿದವನೇ ತೀರ್ಮಾನ ಕೊಟ್ಟ.

“ಅತ್ತಿಗೆ, ಇದು ಗೇರ್‌ಬಾಕ್ಸು. ಕ್ಲಚ್ ಮೇಲೆ ಕಾಲಿಟ್ಕೊಂಡೇ ಓಡಿಸ್ತೀರಿ, ಇನ್ನೇನಾಯ್ತದೆ? ಅಣ್ಣ ಓಡಿಸ್ತಿದ್ದಾಗ ಒಂದು ದಿನ ಸದ್ದಿರ್ಲಿಲ್ಲ.”

ನಾನು ಉತ್ತರ ಕೊಡುವ ಮೊದಲೇ ಅವನು ಅಣ್ಣನ ಕಡೆ ತಿರುಗಿದ. “ಕಾರು ಕೊಟ್ಬುಡಣ್ಣ. ಇಷ್ಟು ವರ್ಷ ಅಲೆದಿದ್ದು ಸಾಕು. ತೋಟ ಐತೆ, ನೆಮ್ಮದಿಯಾಗಿ ಮನೇಲಿರು. ಅತ್ತಿಗೇಗೂ ಯಾಕೆ ಈ ವಯಸ್ಸಲ್ಲಿ ತೊಂದ್ರೆ?”

ಇವರು ಏನಾದರೂ ಹೇಳುತ್ತಾರೆ ಎಂದು ಕಾದೆ. ಇವರು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ತಿಪಟೂರು ಬರುವವರೆಗೂ ಹಾಗೇ ಇದ್ದರು. ಮೈದುನನ ಮಾತಿಗಿಂತ ಆ ಮೌನವೇ ನನ್ನನ್ನು ಹೆಚ್ಚು ಚುಚ್ಚಿತು. ನಿಜಕ್ಕೂ ನಾನೇ ಕೆಡಿಸಿರಬಹುದೆ ಎಂಬ ಅನುಮಾನ ಆ ದಿನ ಹುಟ್ಟಿತು. ಅದಾದ ಮೇಲೆ ಗೇರು ಬದಲಿಸುವಾಗಲೆಲ್ಲ ನನ್ನ ಎಡಗಾಲನ್ನು ನಾನೇ ಕಳ್ಳನ ಹಾಗೆ ಕಾಯುತ್ತಿದ್ದೆ. ಹೀಗೆ ಅಳುಕಿನಿಂದ ಓಡಿಸುವುದು ಅಪಾಯ ಎಂದು ಅರಳಗುಪ್ಪೆಯ ಹತ್ತಿರ ಒಂದು ಎಮ್ಮೆ ಅಡ್ಡ ಬಂದು ಬ್ರೇಕು ಹಾಕುವುದು ತಡವಾದಾಗ ಗೊತ್ತಾಯಿತು. ತಪ್ಪು ನನ್ನದಾದರೆ ನನ್ನದೇ ಆಗಲಿ, ಆದರೆ ಏನು ಕೆಟ್ಟಿದೆ ಎಂದು ತಿಳಿಯದೆ ಕಾರನ್ನು ಮಾರುವುದಿಲ್ಲ ಎಂದು ಅಂದೇ ನಿರ್ಧರಿಸಿದೆ.

ಇವರು ಹಿಂದಿನಿಂದಲೂ ಹೋಗುತ್ತಿದ್ದ ಗ್ಯಾರೇಜಿಗೆ ಹೋದೆವು. ಅಲ್ಲಿನ ಮೆಕ್ಯಾನಿಕ್ ಕಾರನ್ನು ಪೇಟೆಯೊಳಗೇ ಒಂದು ಸುತ್ತು ಹೊಡೆಸಿಕೊಂಡು ಬಂದ. ಆ ಸಂತೆಯಂಥ ರಸ್ತೆಯಲ್ಲಿ ನಲವತ್ತು ಮುಟ್ಟುವುದು ಎಲ್ಲಿಂದ ಬರಬೇಕು? ಇಳಿದವನು ನೇರವಾಗಿ ಇವರ ಮುಂದೆ ನಿಂತ.

“ಯಜಮಾನ್ರೇ, ಗೇರ್‌ಬಾಕ್ಸ್ ಇಳಿಸಿ ನೋಡ್ಬೇಕು ಕಣ್ರೀ.”

“ಇಳಿಸಿದ ಮೇಲೆ ಅದ್ರಲ್ಲಿ ಏನೂ ಇಲ್ಲ ಅಂತಾದ್ರೆ?” ಎಂದು ಕೇಳಿದವಳು ನಾನು.

“ಹಂಗೇನಾಗಲ್ಲ ಬುಡಿ” ಎಂದ, ಇವರಿಗೇ.

“ಗೇರ್‌ಬಾಕ್ಸೇ ಅಂತ ಹೆಂಗೆ ಗೊತ್ತಾಯ್ತು?”

ಆಗ ಅವನು ನನ್ನ ಕಡೆ ನೋಡಿದ. “ಅನುಭವ ಅಕ್ಕ.”

ಅನುಭವವನ್ನು ನಾನು ಅಲ್ಲಗಳೆಯುವವಳಲ್ಲ. ಆದರೆ ನಲವತ್ತರ ಕೆಳಗೆ ಇಲ್ಲದ ಸದ್ದನ್ನು ಇಪ್ಪತ್ತರಲ್ಲಿ ಓಡಿಸಿ ಅವನು ಕೇಳಿದ್ದಾದರೂ ಹೇಗೆ? “ಇವತ್ತು ಬಿಚ್ಚೋದು ಬೇಡ” ಎಂದು ಹೇಳಿ ಕಾರು ವಾಪಸ್ಸು ತಂದೆ. ದಾರಿಯಲ್ಲಿ ಇವರು ಸಿಡುಕಿದರು. “ನಿಂಗೇನು ಗೊತ್ತಾಯ್ತದೆ ಅಂತ ತಂದೆ?”

“ನಂಗೆ ಗೊತ್ತಿಲ್ಲ. ಅವನಿಗೂ ಗೊತ್ತಿಲ್ಲ. ಗೊತ್ತು ಮಾಡ್ಕೊಳ್ಳೋಣ.”

ಅಂದಿನಿಂದ ಮಧ್ಯಾಹ್ನದ ಊಟವಾದ ಮೇಲೆ ಫೋನಿನಲ್ಲಿ ವೀಡಿಯೋಗಳನ್ನು ಹುಡುಕುತ್ತ ಕೂತೆ. ಹಿಂದಿ, ತಮಿಳು, ಇಂಗ್ಲಿಷು. ಮಾತು ಅರ್ಧ ಅರ್ಥವಾದರೂ ಕೈ ಮಾಡಿ ತೋರಿಸುತ್ತಿದ್ದದ್ದು ತಿಳಿಯುತ್ತಿತ್ತು. ಎಲ್ಲರೂ ಹೇಳುತ್ತಿದ್ದದ್ದು ಒಂದೇ ಉಪಾಯ. ಮನೆಯ ಕರೆಂಟು ಪದೇಪದೇ ಹೋಗುತ್ತಿದ್ದರೆ ಒಂದೊಂದೇ ಸ್ವಿಚ್ಚು ಆರಿಸಿ ನೋಡುವುದಿಲ್ಲವೆ, ಹಾಗೆ. ಎಂಜಿನ್ನು, ಟಯರು, ಚಕ್ರ, ಒಂದೊಂದಾಗಿ ಬಿಟ್ಟು ನೋಡಬೇಕು.

ಭಾನುವಾರ ಬೆಳಗ್ಗೆ, ಹಾಲಿನವರ ಓಡಾಟ ಮುಗಿದ ಮೇಲೆ, ಇವರನ್ನು ಕೂರಿಸಿಕೊಂಡು ಕಿಬ್ಬನಹಳ್ಳಿ ದಾಟಿ ಹೆದ್ದಾರಿಗೆ ಹೋದೆ. ಹಿಂದೆ ಮುಂದೆ ಯಾವ ಗಾಡಿಯೂ ಇರಲಿಲ್ಲ. ಅರವತ್ತಕ್ಕೆ ಏರಿಸಿದೆ. ಗುಂಯ್ ಎಂದಿತು. ಕ್ಲಚ್ ಒತ್ತಿ ಗೇರನ್ನು ನ್ಯೂಟ್ರಲ್‌ಗೆ ತಂದು ಕಾಲು ತೆಗೆದೆ. ಎಂಜಿನ್ನಿನ ದನಿ ಇಳಿದು ಸಣ್ಣದಾಯಿತು. ಗುಂಯ್ ಮಾತ್ರ ಹಾಗೇ ಉಳಿಯಿತು. ಕಾರು ನಿಧಾನವಾದ ಹಾಗೆಲ್ಲ ಅದೂ ತಗ್ಗುತ್ತ ಹೋಗಿ ಕೊನೆಗೆ ಮುಗಿಯಿತು.

ಇವರು ಕಿಟಕಿಯ ಕಡೆಯಿಂದ ಮುಖ ತಿರುಗಿಸಿದರು. “ಇನ್ನೊಂದ್ಸಲ ಮಾಡು.”

ಮಾಡಿದೆ. ಮೂರನೇ ಗೇರಿನಲ್ಲಿ ಅದೇ ವೇಗ, ಐದನೇ ಗೇರಿನಲ್ಲಿ ಅದೇ ವೇಗ. ಎಂಜಿನ್ನಿನ ದನಿ ಬೇರೆ ಬೇರೆಯಾಯಿತು, ಗುಂಯ್ ಬದಲಾಗಲಿಲ್ಲ.

“ಎಂಜಿನ್ನಿಂದಲ್ಲ ಕಣೇ ಇದು” ಎಂದರು ಇವರು. ಎಷ್ಟೋ ತಿಂಗಳಿಂದ ಕಾಣದ ಉತ್ಸಾಹ ಆ ದನಿಯಲ್ಲಿತ್ತು. “ಚಕ್ರದ ಜೊತೆ ತಿರುಗೋದು ಯಾವುದೋ ಕೂಗ್ತಾ ಐತೆ.”

ವಾಪಸ್ಸು ಬರುವಾಗ ಕಿಬ್ಬನಹಳ್ಳಿಯ ಪಂಕ್ಚರ್ ಅಂಗಡಿಯಲ್ಲಿ ಮುಂದಿನ ಟಯರುಗಳನ್ನು ಹಿಂದಕ್ಕೆ, ಹಿಂದಿನವನ್ನು ಮುಂದಕ್ಕೆ ಹಾಕಿಸಿದೆವು. ಟಯರಿನದೇ ಸದ್ದಾಗಿದ್ದರೆ ಜಾಗವನ್ನಾದರೂ ಬದಲಿಸಬೇಕಿತ್ತು, ಇಲ್ಲವೆ ಬೇರೆ ರಾಗವನ್ನಾದರೂ ತೆಗೆಯಬೇಕಿತ್ತು. ಎರಡೂ ಆಗಲಿಲ್ಲ.

ಈ ಎರಡು ಸಂಗತಿಯನ್ನೂ ಹೋಗಿ ಮೆಕ್ಯಾನಿಕ್‌ಗೆ ಹೇಳಿದೆ. ಅವನು ಕೇಳಿಸಿಕೊಂಡ. ಆದರೆ ಪೂರ್ತಿ ಒಪ್ಪಲಿಲ್ಲ. “ನ್ಯೂಟ್ರಲ್ ಮಾಡಿದ್ರೂ ಗೇರ್‌ಬಾಕ್ಸ್ ಒಳಗೆ ಚಕ್ರದ ಜೊತೆ ತಿರುಗೋ ಭಾಗ ಇರ್ತದಕ್ಕ. ಅದೂ ಕೂಗಬೋದು” ಎಂದ. ಅದು ನ್ಯಾಯವಾದ ಮಾತೇ. ಹಾಗಾದರೆ ಚಕ್ರವೋ, ಗೇರ್‌ಬಾಕ್ಸಿನ ಆ ಭಾಗವೋ ಎನ್ನುವುದಷ್ಟೇ ಉಳಿಯಿತು.

ಮಾರನೆಯ ಬೆಳಗ್ಗೆ ಇವರು ಮುಂದಿನ ಸೀಟು ಬಿಟ್ಟು ಹಿಂದೆ ಹೋಗಿ ಕೂತರು. ನಾನು ಅಗಲವಾದ ಖಾಲಿ ರಸ್ತೆಯಲ್ಲಿ ಕಾರನ್ನು ಮೆಲ್ಲಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಿಸುತ್ತ ಹೋದೆ. ಕಾರು ಬಲಕ್ಕೆ ತಿರುಗಿದಾಗ ಅದರ ಭಾರವೆಲ್ಲ ಎಡಗಡೆಯ ಚಕ್ರಗಳ ಮೇಲೆ ಬೀಳುತ್ತದೆ. ಚಕ್ರವನ್ನು ತಿರುಗಿಸುವ ಬೇರಿಂಗ್ ಆ ಕಡೆ ಕೆಟ್ಟಿದ್ದರೆ ಆಗ ಜೋರಾಗಿ ಕೂಗಬೇಕು, ಗೇರ್‌ಬಾಕ್ಸಿನ ಸದ್ದಾದರೆ ಬದಲಾಗಬಾರದು.

“ಬಲಕ್ಕೆ ಎಳಿ... ಹೂಂ, ಜೋರಾಯ್ತು. ಈಗ ಎಡಕ್ಕೆ... ತಗ್ಗಿತು. ಮತ್ತೆ ಬಲಕ್ಕೆ” ಎಂದು ಇವರು ಸೀಟಿಗೆ ಕಿವಿಯೊತ್ತಿ ಹೇಳುತ್ತಿದ್ದರು. ಎದುರಿಗೆ ಬಂದ ಬೈಕಿನವನೊಬ್ಬ ನಮ್ಮ ಕಾರಿನ ತೂರಾಟ ಕಂಡು ರಸ್ತೆಯನ್ನೇ ಬಿಟ್ಟಿಳಿದು, “ಏನಮ್ಮ, ಬೆಳಗ್ಗೆಬೆಳಗ್ಗೇನೆ!” ಎಂದು ಕೂಗಿ ಹೋದ. ಇವರು ಹಿಂದೆ ನಗುತ್ತಿದ್ದರು. ನನಗೂ ನಗು ತಡೆಯಲಾಗದೆ ಕಾರನ್ನು ಪಕ್ಕಕ್ಕೆ ನಿಲ್ಲಿಸಿದೆ.

ಎಡಗಡೆ ಎನ್ನುವುದು ಖಚಿತವಾಯಿತು. ಮುಂದೆಯೋ ಹಿಂದೆಯೋ? ಇವರು ಯೋಚಿಸಿ, ಸದ್ದು ಕಾಲಿನ ಹತ್ತಿರದಿಂದ, ಮುಂದಿನಿಂದ ಬರುತ್ತಿದೆ ಎಂದರು. ನನಗೂ ಹಾಗೇ ಅನ್ನಿಸಿತ್ತು. ಮೆಕ್ಯಾನಿಕ್ ಹತ್ತಿರ ಹೋಗಿ ಎಡಗಡೆ ಮುಂದಿನ ಚಕ್ರದ ಬೇರಿಂಗ್ ಬದಲಿಸಲು ಹೇಳಿದೆವು. “ನೀವು ಹೇಳಿದ್ರಿ ಅಂತ ಮಾಡ್ತೀನಿ” ಎಂದು ಹೇಳಿ ಬದಲಿಸಿಕೊಟ್ಟ.

ಅಂದು ಸಂಜೆಯೇ ಹೆದ್ದಾರಿಗೆ ಹೋದೆವು. ನಲವತ್ತು ದಾಟಿತು. ಗುಂಯ್ ಎಂದಿತು. ಅದೇ ಸದ್ದು, ಒಂದು ಎಳೆಯೂ ಕಡಿಮೆಯಾಗಿರಲಿಲ್ಲ.

ಮೈದುನನಿಗೆ ಗ್ಯಾರೇಜಿನಿಂದಲೇ ಸುದ್ದಿ ಹೋಗಿತ್ತು. ಇವರಿಗೆ ಫೋನ್ ಮಾಡಿ, “ಅತ್ತಿಗೆ ಕಾರು ಬಿಚ್ಚೋದು ಕಲೀತಾವ್ರಂತೆ?” ಎಂದು ನಕ್ಕ. ಇವರು ಫೋನಿಟ್ಟು ಹಾಸಿಗೆಯ ಮೇಲೆ ಉರುಳಿಕೊಂಡರು.

“ಸಾಕು ಬುಡೇ. ನನ್ ಕಿವೀನೂ ಹೋಗಿರ್ಬೇಕು. ಮಾರ್ಬುಡಣ.”

ಆ ಮಾತು ಕೇಳಿ ನನಗೆ ಹೆದರಿಕೆಯಾಯಿತು. ಕಾರಿನ ಬಗ್ಗೆ ಅಲ್ಲ. ಇವರು ಕಿವಿಯನ್ನೂ ನಂಬದೆ ಹೋದರೆ ಇನ್ನು ಯಾವ ಅಟ್ಟ ಹತ್ತುತ್ತಾರೆ?

“ಕಿವಿಗೇನೂ ಆಗಿಲ್ಲ” ಎಂದೆ. “ಎಡಗಡೆ ಅಂತ ಹೇಳಿದ್ದು ನಿಜ ತಾನೆ? ಎಡಗಡೆ ಎರಡು ಚಕ್ರ ಇದಾವೆ. ಒಂದು ನೋಡಾಯ್ತು. ನಾಳೆ ಇನ್ನೊಂದು ನೋಡ್ತೀನಿ. ನೀವು ಬರೋದಾದ್ರೆ ಬನ್ನಿ, ಇಲ್ಲ ಅಂದ್ರೆ ನಾನೊಬ್ಳೇ ನೋಡ್ತೀನಿ.”

ಬೆಳಗ್ಗೆ ಕಾಫಿ ಕುಡಿದು ಮನೆಯ ಮುಂದಿನ ಸಿಮೆಂಟ್ ನೆಲದ ಮೇಲೆ ಕಾರನ್ನು ನಿಲ್ಲಿಸಿದೆ. ಹ್ಯಾಂಡ್‌ಬ್ರೇಕ್ ಹಾಕಿದರೆ ಹಿಂದಿನ ಚಕ್ರ ತಿರುಗುವುದಿಲ್ಲ. ಅದಕ್ಕೆ ಕಾರನ್ನು ಗೇರಿನಲ್ಲಿ ಬಿಟ್ಟು, ಮುಂದಿನ ಎರಡು ಚಕ್ರಗಳಿಗೂ ಹಿಂದೆ ಮುಂದೆ ದಪ್ಪ ಕಲ್ಲು ಕೊಟ್ಟೆ. ಡಿಕ್ಕಿಯಿಂದ ಜಾಕ್ ತೆಗೆದು ಮೊದಲು ಬಲಗಡೆ ಹಿಂದಿನ ಚಕ್ರವನ್ನು ನೆಲದಿಂದ ಎತ್ತಿದೆ. ಇವರು ಅಷ್ಟು ಹೊತ್ತಿಗೆ ಪಂಚೆ ಮೇಲೆ ಕಟ್ಟಿಕೊಂಡು ಬಂದು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದರು. ಬಂದಿರಾ ಎಂದು ನಾನು ಕೇಳಲಿಲ್ಲ.

ಚಕ್ರವನ್ನು ಕೈಯಿಂದ ತಿರುಗಿಸಿದೆ. ಸಣ್ಣಗೆ ಸುಯ್ ಎಂದಿತು, ಅಷ್ಟೆ. ಎಡಗಡೆಯದನ್ನು ಎತ್ತಿ ತಿರುಗಿಸಿದೆ. ಅದೂ ಸುಯ್ ಎಂದಿತು. ಗುಂಯ್ ಇಲ್ಲ, ಅಲ್ಲಾಟ ಇಲ್ಲ. ಇಲ್ಲೂ ಇಲ್ಲವೆ ಎಂದು ಚಕ್ರ ಬಿಟ್ಟು ಕೂತೆ. ಆಮೇಲೆ, ಮೇಲಿನ ಭಾರವಿಲ್ಲದಿದ್ದರೆ ಬೇರಿಂಗ್ ಕೂಗದೆಯೂ ಇರಬಹುದು, ಕಿವಿಗೆ ಕೇಳದ್ದು ಕೈಗೆ ತಿಳಿಯುತ್ತದೆ ಎಂದು ಒಂದು ವೀಡಿಯೋದಲ್ಲಿ ನೋಡಿದ್ದು ನೆನಪಾಯಿತು. ಚಕ್ರದ ಒಳಬದಿಯಲ್ಲಿ ಸುರುಳಿ ಸ್ಪ್ರಿಂಗ್ ಇದೆಯಲ್ಲ, ಅದನ್ನು ಹಿಡಿದು ನೋಡಬೇಕು. ಇವರ ಕೈ ಹಿಡಿದು ಸ್ಪ್ರಿಂಗಿನ ಮೇಲೆ ಇಟ್ಟೆ. ಚಕ್ರವನ್ನು ಜೋರಾಗಿ ತಿರುಗಿಸಿದೆ.

ಇವರ ಹುಬ್ಬು ಗಂಟಿಕ್ಕಿತು. “ಇನ್ನೊಂದ್ಸಲ.”

ತಿರುಗಿಸಿದೆ.

“ಆ ಕಡೇದು ಎತ್ತು.”

ಮತ್ತೆ ಬಲಗಡೆಗೆ ಜಾಕ್ ಕೊಟ್ಟು ಎತ್ತಿ ತಿರುಗಿಸಿದೆ. ಇವರು ಸ್ಪ್ರಿಂಗ್ ಹಿಡಿದು ಕಣ್ಣು ಮುಚ್ಚಿದರು. “ಇದು ನೀರಿದ್ದಂಗೈತೆ. ಅದು ರಾಗಿ ಬೀಸೋ ಕಲ್ಲು ಇದ್ದಂಗೈತೆ ಕಣೇ. ಬಾ, ನೀನೇ ಹಿಡ್ಕೊಂಡು ನೋಡು, ನಾನು ತಿರುಗಿಸ್ತೀನಿ.”

ಎಡಗಡೆಯದನ್ನು ಮತ್ತೆ ಎತ್ತಿ ಹಿಡಿದು ನೋಡಿದೆ. ಬೆರಳ ತುದಿಗೆ ಗರಗರ ಎಂದು ಸಣ್ಣ ಮರಳು ಹಾಯ್ದ ಹಾಗೆ ಬಂತು. ಇಷ್ಟು ದಿನದಿಂದ ತಲೆ ತಿನ್ನುತ್ತಿದ್ದದ್ದು ಅಷ್ಟು ಸಣ್ಣದಾಗಿ ನನ್ನ ಬೆರಳಿಗೆ ಸಿಕ್ಕಿಬಿಟ್ಟಿತ್ತು. ನಾನು ಬೇಕೆಂದೇ ಇನ್ನೊಂದು ಸಲ ತಿರುಗಿಸಿ ಎಂದೆ.

ಗ್ಯಾರೇಜಿನಲ್ಲಿ ಈ ಸಲ ನಾನು ಹೆಚ್ಚು ಮಾತಾಡಲಿಲ್ಲ. “ನೀವೂ ಕೈಯಿಟ್ಟು ನೋಡಿ, ಆಮೇಲೆ ಬಿಚ್ಚಿ” ಎಂದೆ. ಮೆಕ್ಯಾನಿಕ್ ಕಾರನ್ನು ಎತ್ತಿ, ಕೈಯಿಟ್ಟು ನೋಡಿ, “ಹೌದಲ್ಲ” ಎಂದ. ಡ್ರಮ್ ಬಿಚ್ಚಿ ಬೇರಿಂಗ್ ಹೊರತೆಗೆದಾಗ ಅದರಲ್ಲಿ ಗ್ರೀಸ್ ಇರಲಿಲ್ಲ, ಕಂದು ಬಣ್ಣದ ಗಸಿಯಿತ್ತು. ಒಳಗಿನ ಗುಂಡುಗಳ ಮೇಲೆ ತುಕ್ಕಿನ ಗುಳಿ ಬಿದ್ದಿತ್ತು.

“ನೀರು ಹೊಕ್ಕೈತೆ ಅಕ್ಕ. ಯಾವತ್ತೋ ನೀರಲ್ಲಿ ಮುಳುಗಿರ್ಬೇಕು. ನಿಮ್ಮ ಕ್ಲಚ್ಚಿಗೂ ಇದಕ್ಕೂ ಸಂಬಂಧ ಇಲ್ಲ ಬುಡಿ” ಎಂದ. ಈ ಸಲ ನನಗೇ ಹೇಳಿದ.

“ನೀರಲ್ಲಿ ಯಾವಾಗ ಓಡಿಸಿದೆ ನಾನು?” ಎಂದೆ. ನಾನು ಕಲಿತ ಮೇಲೆ ಅಂಥ ಮಳೆಯೇ ಬಂದಿರಲಿಲ್ಲ.

ಇವರು ಹಳೆಯ ಟಯರೊಂದರ ಮೇಲೆ ಕೂತಿದ್ದರು. “ನೀನಲ್ಲ. ನಾನು” ಎಂದರು.

ಹಿಂದಿನ ವರ್ಷದ ಮಳೆಗಾಲದಲ್ಲಿ, ಡಾಕ್ಟರು ಬೇಡ ಎನ್ನುವ ಮೊದಲು, ಇವರೊಬ್ಬರೇ ಹಳ್ಳಿಯೊಂದರಿಂದ ಬರುತ್ತ ರೈಲು ದಾರಿಯ ಕೆಳಗಿನ ಅಂಡರ್‌ಪಾಸಿಗೆ ಇಳಿದಿದ್ದರಂತೆ. ಅಲ್ಲಿ ನೀರು ನಿಂತಿತ್ತು. “ನೀರು ಅಂತ ಕಾಣ್ಲಿಲ್ಲ ಕಣೇ. ರಸ್ತೆ ಅಂದ್ಕೊಂಡೆ. ಒಳಗೆ ಹೋದ ಮೇಲೆ ಕಾಲಿಗೆ ತಣ್ಣಗಾಯ್ತು.” ಕಾರು ನಿಂತುಹೋಗಿ, ದಾರಿಯಲ್ಲಿ ಹೋಗುತ್ತಿದ್ದವರು ತಳ್ಳಿ ಹೊರಗೆ ತಂದರಂತೆ. ಅಂದು ಒದ್ದೆ ಪಂಚೆಯಲ್ಲಿ ಮನೆಗೆ ಬಂದು, ಯಾರದೋ ಕಾರು ಸಿಕ್ಕಿಕೊಂಡಿತ್ತು, ತಳ್ಳಿ ಬಂದೆ ಎಂದು ನನಗೆ ಹೇಳಿದ್ದರು. ನಾನು ಬಿಸಿನೀರು ಕಾಯಿಸಿ ಕೊಟ್ಟಿದ್ದೆ.

ನನಗೆ ಸಿಟ್ಟು ಬಂತು. ಅಳುವೂ ಬಂತು. ಅಷ್ಟು ಕಾಣದ ಕಣ್ಣಿಟ್ಟುಕೊಂಡು ಎಷ್ಟು ದಿನ ಓಡಿಸಿದ್ದರೋ. ಕಂಡರೂ ಕಾಣದಿದ್ದರೂ ಸಂಜೆ ಮನೆಗೆ ಬಂದು ನಗುತ್ತ ಊಟ ಮಾಡುತ್ತಿದ್ದರಲ್ಲ. ಮೈದುನ ನನ್ನನ್ನು ಅಂದಾಗ ಇವರು ಕಿಟಕಿ ನೋಡುತ್ತ ಕೂತದ್ದು ಯಾಕೆ ಎಂದು ಈಗ ತಿಳಿಯಿತು. ಹೊಸ ಬೇರಿಂಗ್ ಕೂರಿಸಿದ ಮೇಲೆ ಕಾರು ಹತ್ತಿ ಸ್ಟಾರ್ಟ್ ಮಾಡುವ ಮೊದಲು ಹೇಳಿದೆ.

“ಈ ಮಾತು ನಿಮ್ಮ ತಮ್ಮನ ಎದುರಿಗೂ ಹೇಳ್ಬೇಕು.”

ಇವರು ಸೀಟ್ ಬೆಲ್ಟ್ ಎಳೆದು ಹಾಕಿಕೊಂಡರು. “ಹೇಳ್ತೀನಿ” ಎಂದರು.

ಹೆದ್ದಾರಿಗೆ ಹೋದೆ. ನಲವತ್ತು, ಐವತ್ತು, ಅರವತ್ತು. ಗಾಳಿಯ ಸದ್ದು ಕೇಳಿಸಿತು, ಟಯರಿನ ಸರಸರ ಕೇಳಿಸಿತು, ಬಾಗಿಲ ಜೇಬಿನಲ್ಲಿದ್ದ ನೀರಿನ ಬಾಟಲಿ ಅಲುಗುವುದು ಕೇಳಿಸಿತು. ಕಾರನ್ನು ಬಲಕ್ಕೆ ವಾಲಿಸಿದೆ. ಏನೂ ಇಲ್ಲ. ಮತ್ತೆ ವಾಲಿಸಿದೆ. ಖುಷಿಗೆ ಹಾರನ್ ಹೊಡೆದುಬಿಟ್ಟೆ.

ಇವರು ಮಾತಿಗೆ ತಪ್ಪಲಿಲ್ಲ. ಮೈದುನ ಮನೆಗೆ ಬಂದಾಗ, ನಾನು ಮಂಡಕ್ಕಿ ಒಗ್ಗರಣೆ ತಂದಿಡುವ ಹೊತ್ತಿಗೆ ಸರಿಯಾಗಿ, ಎಲ್ಲವನ್ನೂ ಹೇಳಿದರು. ಕಾಣದೆ ನೀರಿಗೆ ಇಳಿಸಿದ್ದು, ಸುಳ್ಳು ಹೇಳಿದ್ದು, ಸದ್ದು ಹಿಡಿದವಳು ನಾನು ಎನ್ನುವುದು, ಯಾವುದನ್ನೂ ಬಿಡಲಿಲ್ಲ. ಮೈದುನ ತಟ್ಟೆಯನ್ನೇ ನೋಡುತ್ತ ಕೇಳಿಸಿಕೊಂಡ. ಅವನಿಗೆ ಕಾರಿನ ವಿಷಯ ಮರೆತೇ ಹೋಗಿತ್ತು. “ಅಣ್ಣ, ಏನಾದ್ರೂ ಆಗಿದ್ರೆ?” ಎಂದು ಮಾತ್ರ ಕೇಳಿದ. ಆಮೇಲೆ ನನ್ನ ಕಡೆ ತಿರುಗಿ, “ತಪ್ಪು ತಿಳ್ಕೊಬೇಡಿ ಅತ್ತಿಗೆ” ಎಂದ. ತಪ್ಪು ತಿಳಿದುಕೊಂಡಿದ್ದೆ, ಹಾಗಂತ ಹೇಳಿಯೂ ಬಿಟ್ಟೆ. ಅವನು ತಲೆಯಾಡಿಸಿದ. ಮಾರುವ ಮಾತನ್ನು ಅವನೂ ಎತ್ತಲಿಲ್ಲ, ಇವರೂ ಎತ್ತಲಿಲ್ಲ.

ಆ ವಾರವೇ ತುರುವೇಕೆರೆಯ ಕಡೆಯ ಬೆಳೆಗಾರರೊಬ್ಬರು ಅಟ್ಟದ ಕಾಯಿ ಸುಲಿಸುವುದಾಗಿ ಫೋನ್ ಮಾಡಿದ್ದರು. ಇವರು ನೆಪ ಹೇಳದೆ, “ಬತ್ತೀವಿ ಕಣಪ್ಪ, ಇಬ್ರೂ ಬತ್ತೀವಿ” ಎಂದರು. ಬೆಳಗ್ಗೆ ತಿಂಡಿ ಮುಗಿಸಿ ಹೊರಟೆವು. ಕಿಬ್ಬನಹಳ್ಳಿಯಲ್ಲಿ ತುರುವೇಕೆರೆಯ ರಸ್ತೆಗೆ ತಿರುಗಿಸಿದ ಮೇಲೆ ಪಕ್ಕದಿಂದ ಮಾತು ನಿಂತಿತು. ನೋಡಿದರೆ ಇವರು ಸೀಟಿಗೆ ತಲೆಯಾನಿಸಿ ನಿದ್ದೆ ಹೋಗಿದ್ದರು. ನಾನು ಓಡಿಸುವಾಗ ಇವರು ಕಣ್ಣು ಮುಚ್ಚಿದ್ದೇ ಇರಲಿಲ್ಲ. ಇಲ್ಲದ ಬ್ರೇಕನ್ನು ಕಾಲಿನಿಂದ ಒತ್ತುತ್ತ, ಒಂದು ಕೈಯಲ್ಲಿ ಬಾಗಿಲ ಹಿಡಿ ಹಿಡಿದೇ ಕೂರುತ್ತಿದ್ದರು.

ತೋಟಕ್ಕೆ ಹೋಗುವ ಅಡ್ಡದಾರಿ ಎಲ್ಲಿ ಎಂದು ನನಗೆ ಸರಿಯಾಗಿ ಗೊತ್ತಿರಲಿಲ್ಲ. ಎಬ್ಬಿಸಲು ಮನಸ್ಸಾಗಲಿಲ್ಲ. ಎಳನೀರು ಮಾರುತ್ತಿದ್ದವನ ಹತ್ತಿರ ನಿಲ್ಲಿಸಿ, ಮೆಲ್ಲಗೆ ಗಾಜು ಇಳಿಸಿ ದಾರಿ ಕೇಳಿಕೊಂಡು, ಎರಡನೇ ಗೇರಿನಲ್ಲಿ ಮಣ್ಣಿನ ರಸ್ತೆಗೆ ಇಳಿಸಿದೆ.